ದವನ ಹಚ್ಚಿಕೊಂಡ ತಿಂಗಳು

ಆರು ವರ್ಷ ನಾನು ಹೆಂಗಸರ ಕತ್ತು ಮೂಸಿ ಸಂಬಳ ತೆಗೆದುಕೊಂಡೆ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಬಾಶೆಟ್ಟಿಹಳ್ಳಿಯಲ್ಲಿ ಟೀ ಪುಡಿ ಪ್ಯಾಕ್ ಮಾಡುವ ಕಾರ್ಖಾನೆಯೊಂದರ ಗೇಟಿನಲ್ಲಿ ನನಗಿದ್ದದ್ದು ಅದೇ ಕೆಲಸ. ಟೀ ಪುಡಿಗೆ ಪಕ್ಕದಲ್ಲಿದ್ದದ್ದನ್ನೆಲ್ಲ ಹೀರಿಕೊಳ್ಳುವ ಕೆಟ್ಟ ಚಾಳಿ. ದಿನಸಿ ಚೀಲದಲ್ಲಿ ಸೋಪಿನ ಪಕ್ಕ ಟೀ ಪೊಟ್ಟಣ ಇಟ್ಟು ಮನೆಗೆ ತಂದವರಿಗೆ ಇದು ಗೊತ್ತು, ಮಾರನೆಯ ದಿನ ಕುಡಿಯುವುದು ಸೋಪಿನ ಕಷಾಯವೇ. ಹಾಗಾಗಿ ಒಳಗೆ ಹೋಗುವ ಯಾರ ಮೈಯಲ್ಲೂ ವಾಸನೆ ಇರಬಾರದು. ಸೆಂಟು, ಪೌಡರು, ಮಲ್ಲಿಗೆ, ತಲೆಗೆ ಹಚ್ಚುವ ಎಣ್ಣೆ, ನೆಗಡಿಯ ಮುಲಾಮು, ಯಾವುದೂ ಕೂಡದು.

ಬೆಳಗಿನ ಪಾಳಿಯ ಬಸ್ಸುಗಳು ಬಂದು ನಿಂತ ಮೇಲೆ ಹೆಂಗಸರು ಸಾಲಾಗಿ ನನ್ನ ಮುಂದೆ ಬರುತ್ತಿದ್ದರು. ಮೊದಲು ಮಣಿಕಟ್ಟು, ಆಮೇಲೆ ಕತ್ತಿನ ಪಕ್ಕ, ಆಮೇಲೆ ಜಡೆ. ಮುಡಿದ ಹೂವನ್ನು ಗೋಡೆಯ ಮೊಳೆಗೆ ನೇತುಹಾಕಬೇಕು. ಹಣೆಯ ಸ್ಟಿಕ್ಕರ್ ಪುಡಿಯೊಳಗೆ ಬಿದ್ದೀತು ಅಂತ ಅದನ್ನೂ ತೆಗೆಸುತ್ತಿದ್ದೆವು. ಬಾಗಿಲ ಪಕ್ಕದ ಕನ್ನಡಿಗೆ ಅದನ್ನು ಅಂಟಿಸಿ ಒಳಗೆ ಹೋಗುವುದು ರೂಢಿ. ಪಾಳಿ ಶುರುವಾಗುವ ಹೊತ್ತಿಗೆ ಆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಜಾಗ ಉಳಿಯುತ್ತಿರಲಿಲ್ಲ. ಎಲ್ಲ ಒಂದೇ ಥರದ ಕೆಂಪು, ಮೆರೂನು ಚುಕ್ಕೆಗಳು. ಆದರೂ ಪಾಳಿ ಬಿಟ್ಟಾಗ ಒಬ್ಬೊಬ್ಬಳೂ ನೇರವಾಗಿ ತನ್ನದಕ್ಕೇ ಕೈ ಹಾಕುತ್ತಿದ್ದಳು. ಅದು ಹೇಗೆ ಗೊತ್ತಾಗುತ್ತದೆ ಅಂತ ಒಬ್ಬಳನ್ನು ಕೇಳಿದ್ದಕ್ಕೆ, ನಿನ್ನ ಚಪ್ಪಲಿ ನಿನಗೆ ಗೊತ್ತಾಗಲ್ವಾ ಅಂದಳು. ನನ್ನದು ಮಾತ್ರ ಆ ಕನ್ನಡಿಯಲ್ಲಿ ಇರುತ್ತಿರಲಿಲ್ಲ. ತೆಗೆದು ಅಂಟಿಸುವ ರಗಳೆ ಯಾರಿಗೆ ಬೇಕು ಅಂತ ನಾನು ಮನೆಯಿಂದಲೇ ಬೋಳು ಹಣೆಯಲ್ಲಿ ಹೊರಡುತ್ತಿದ್ದೆ. ಅದಕ್ಕೆ ಅಮ್ಮನ ಕೈಲಿ ಬೈಸಿಕೊಂಡದ್ದು ಬೇರೆ.

ಯಾರು ಆ ಬೆಳಿಗ್ಗೆ ಹಾಲು ಕರೆದು ಬಂದಿದ್ದಾರೆ, ಯಾರ ಮನೆಯಲ್ಲಿ ಬಾಣಂತಿಗೆ ಸಾಂಬ್ರಾಣಿ ಹಾಕಿದ್ದಾರೆ, ಯಾರು ಮಗ್ಗದ ಮನೆಯಿಂದ ಬಂದವರು, ಎಲ್ಲ ನನ್ನ ಮೂಗಿಗೆ ಗೊತ್ತಾಗುತ್ತಿತ್ತು. ಆದರೆ ಮೂಸುವವಳ ಮೈಯಲ್ಲೇ ವಾಸನೆ ಇದ್ದರೆ ಬೇರೆಯವರದ್ದು ತಿಳಿಯುವುದು ಹೇಗೆ? ಅದಕ್ಕೇ ನನಗೆ ಕಟ್ಟುನಿಟ್ಟು ಜಾಸ್ತಿ. ಸೋಪು ಬಿಟ್ಟೆ, ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಿದೆ. ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಮದುವೆ ಮನೆಗೆ ಹೋದರೂ ಪನ್ನೀರಿನ ದಾನಿ ಕಂಡರೆ ಹಿಂದೆ ಸರಿಯುತ್ತಿದ್ದೆ. ಮೂವತ್ತು ದಾಟಿದ ಹೆಂಗಸಿಗೆ ಇದು ಇಷ್ಟ, ಇದು ಬೇಡ ಅನ್ನುವುದೊಂದು ಇರುತ್ತದಲ್ಲ, ನನಗೆ ಅದೂ ಇರಲಿಲ್ಲ. ಯಾರಾದರೂ ನಿನಗೆ ಯಾವ ಸೆಂಟು ಇಷ್ಟ ಅಂದರೆ ಯಾವುದೂ ಇಲ್ಲ ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ಹನ್ನೊಂದು ತಿಂಗಳ ಕೆಲಸ. ಹನ್ನೊಂದು ತುಂಬಿದ ಮೇಲೆ ಒಂದು ತಿಂಗಳು ಮನೆಯಲ್ಲಿ ಕೂರಿಸುತ್ತಾರೆ. ಪೂರ್ತಿ ವರ್ಷ ಮಾಡಿದೆ, ಪರ್ಮನೆಂಟ್ ಮಾಡಿ ಅಂತ ಯಾರೂ ಕೇಳಬಾರದಲ್ಲ, ಅದಕ್ಕೆ. ಆ ತಿಂಗಳಿಗೆ ನಾವು ಬ್ರೇಕ್ ಅನ್ನುತ್ತಿದ್ದೆವು. ನನಗೆ ಬ್ರೇಕ್ ಬರುತ್ತಿದ್ದದ್ದು ಪ್ರತಿ ವರ್ಷ ಚಳಿ ಹಿಡಿಯುವ ಹೊತ್ತಿಗೆ. ತಿರುಗಿ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಆ ಮೂವತ್ತು ದಿನ ಫೋನು ಕೈಯಲ್ಲೇ ಇಟ್ಟುಕೊಂಡು ಓಡಾಡುವುದು, ಬಚ್ಚಲಿಗೆ ಹೋದರೂ ಕಿಟಕಿಯ ಮೇಲೆ ಇಡುವುದು. ಪಾಳಿ ಕೆಲಸಕ್ಕಿಂತ ಹೆಚ್ಚು ಸುಸ್ತು ಮಾಡಿದ್ದು ಆ ಬ್ರೇಕುಗಳೇ.

ಆದರೆ ವರ್ಷದಲ್ಲಿ ನಾನು ಏನಾದರೂ ಹಚ್ಚಿಕೊಳ್ಳಬಹುದಾಗಿದ್ದದ್ದು ಆ ಒಂದೇ ತಿಂಗಳು. ಮೊದಲೆರಡು ಬ್ರೇಕು ಮಲಗಿಯೇ ಕಳೆದೆ. ಮೂರನೆಯದರಲ್ಲಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿತು. ಇದನ್ನು ಹಚ್ಚಿಕೊಂಡರೆ ಧೈರ್ಯ ಬರುತ್ತದೆ, ಇಂಟರ್‌ವ್ಯೂಗೆ ಈ ಲಿಪ್‌ಸ್ಟಿಕ್, ಆಫೀಸಿಗೆ ಈ ಸೆಂಟು ಅಂತ ಒಬ್ಬಳು ಹೇಳುತ್ತಿದ್ದಳು. ನಾನೂ ತರಿಸಿದೆ. ಹುಬ್ಬು ತೆಗೆಸಿಕೊಂಡೆ, ತುಟಿಗೆ ಕಂದು ಬಣ್ಣ ಬಳಿದುಕೊಂಡೆ, ಆ ಸೆಂಟು ಹೊಡೆದುಕೊಂಡೆ. ಕನ್ನಡಿಯಲ್ಲಿ ಯಾರದೋ ಅತ್ತಿಗೆ ನಿಂತ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಯಿತು. ಅದರ ಮುಂದಿನ ವರ್ಷ ಗುಲಾಬಿ, ಅದರ ಮುಂದೆ ಮಲ್ಲಿಗೆಯದೇ ಯಾವುದೋ ಬಾಟಲಿ. ಪಕ್ಕದ ಮನೆಯವರೆಲ್ಲ ಚೆನ್ನಾಗಿದೆ ಅಂದರು. ಅವರು ಚೆನ್ನಾಗಿದೆ ಅಂದದ್ದಕ್ಕೆ ಹಚ್ಚಿಕೊಂಡೆ, ಅಷ್ಟೆ.

ಕಳೆದ ಬ್ರೇಕಿನಲ್ಲಿ ದೊಡ್ಡಬಳ್ಳಾಪುರದ ಹಳೇ ಪೇಟೆಯ ಅತ್ತರಿನ ಅಂಗಡಿಗೆ ಹೋದೆ. ಬೀರುವಿನಷ್ಟು ಅಗಲದ ಅಂಗಡಿ. ಒಳಗೆ ಒಬ್ಬ ಮುದುಕರು, ಪೇಟೆಯವರಿಗೆಲ್ಲ ಚಾಚಾ. ನಾನು ಯಾವುದು ಚೆನ್ನಾಗಿದೆ ಅಂದೆ. ಯಾರಿಗೆ ಅಂದರು. ನನಗೇ ಅಂದೆ. ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀಯ ಅಂತ ಗಾಜಿನ ಕಡ್ಡಿ ಅದ್ದಿ ಮಣಿಕಟ್ಟಿಗೆ ಒಂದು ಗೆರೆ ಎಳೆದರು. ಖರೀದಿ ಮಾಡಲು ಹೋದರೆ ಬಿಡಲಿಲ್ಲ.

"ಇವತ್ತು ತಗೋಬ್ಯಾಡಮ್ಮಾ. ಹಚ್ಕೊಂಡೋಗು. ನಾಳೆ ಎದ್ದಾಗ ಇದೇ ಬೇಕು ಅನ್ಸಿದ್ರೆ ಬಾ."

ಇದೆಂಥ ವ್ಯಾಪಾರ ಅಂತ ಗೊಣಗಿಕೊಂಡು ಬಂದೆ. ಮಾರನೆಯ ದಿನ ಅದು ಬೇಡವಾಗಿತ್ತು. ಹೋಗಿ ಹೇಳಿದೆ. ಅವರಿಗೆ ಬೇಜಾರೇ ಇಲ್ಲ, ಇನ್ನೊಂದು ಗೆರೆ ಎಳೆದರು. ಹೀಗೆ ಎಂಟು ಹತ್ತು ದಿನ ನಡೆಯಿತು. ಕೆಲಸವಿಲ್ಲದವಳು, ನನಗೂ ಹೋಗಿಬರಲು ಒಂದು ಜಾಗವಾಯಿತು. ಯಾಕೆ ಬೇಡ ಅಂತ ಹೇಳು ಅನ್ನುತ್ತಿದ್ದರು. ಮೊದಮೊದಲು ಸುಮ್ಮನೆ ಬೇಡ ಅನ್ನುತ್ತಿದ್ದೆ. ಆಮೇಲೆ ಬಾಯಿ ಬಂತು. ಇದು ಶುರುವಿನಲ್ಲಿ ಚೆನ್ನಾಗಿದ್ದು ಸಂಜೆಗೆ ಜಿಡ್ಡಾಗುತ್ತದೆ, ಇದು ನನಗಿಂತ ಮೊದಲು ರೂಮಿಗೆ ಹೋಗಿ ಕೂತಿರುತ್ತದೆ, ಇದರಲ್ಲಿ ಯಾರನ್ನೋ ಮೆಚ್ಚಿಸುವ ಆತುರ ಇದೆ. ಬೇಡ ಅನ್ನುವುದಕ್ಕೂ ಕಾರಣ ಇರುತ್ತದೆ, ಅದನ್ನು ಹೇಳಬಹುದು ಅಂತ ನನಗೆ ಆಗ ಗೊತ್ತಾಯಿತು. ಆರು ವರ್ಷ ಬೇರೆಯವರನ್ನು ಮೂಸಿದ ಮೂಗು, ನನ್ನ ಸ್ವಂತ ಉಪಯೋಗಕ್ಕೆ ಒಂದು ದಿನವೂ ಬಂದಿರಲಿಲ್ಲ.

ಕೊನೆಗೆ ದವನದ ಅತ್ತರು ಹಚ್ಚಿದರು. ನಾನು ನಕ್ಕುಬಿಟ್ಟೆ. ನಮ್ಮಮ್ಮ ಬಸ್‌ಸ್ಟ್ಯಾಂಡಿನ ಹೂವಿನ ಅಂಗಡಿಗೆ ಮನೆಯಲ್ಲೇ ಕೂತು ಹೂ ಕಟ್ಟಿಕೊಡುವವಳು. ಕನಕಾಂಬರದ ನಡುವೆ ಅಲ್ಲೊಂದು ಇಲ್ಲೊಂದು ದವನದ ಎಳೆ ಸೇರಿಸುವುದನ್ನು ನೋಡಿಯೇ ಬೆಳೆದವಳು ನಾನು. ಹಾಸಿಗೆಯ ಪಕ್ಕದಲ್ಲೇ ಬಿದ್ದಿರುತ್ತಿದ್ದ ಸೊಪ್ಪು. ಅದನ್ನು ಹುಡುಕಿಕೊಂಡು ಅಂಗಡಿಗೆ ಬರಬೇಕಾಯಿತಲ್ಲ ಅಂತ ನಗು ಬಂತು. ಚಾಚಾ ತಮ್ಮ ಕೈಗೂ ಒಂದು ಗೆರೆ ಎಳೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಎರಡೂ ಕೈ ಮೂಸಿ ನೋಡು ಅಂದರು. ಅವರ ಕೈಯಲ್ಲಿ ಔಷಧಿ ಅಂಗಡಿಯ ಘಾಟು. ನನ್ನ ಕೈಯಲ್ಲಿ ಒಣದ್ರಾಕ್ಷಿ, ಅದರ ಹಿಂದೆ ತೆಳ್ಳಗೆ ಹೊಗೆ.

"ಇದು ಎಲ್ರ ಮೈಮೇಲೂ ಒಂದೇ ಥರ ಬರಲ್ಲಮ್ಮಾ," ಅಂದರು.

ಮಾರನೆಯ ದಿನ ಎದ್ದವಳೇ ಮಣಿಕಟ್ಟು ಮೂಸಿದೆ. ಬೇಕು ಅನ್ನಿಸಿತು. ಯಾರನ್ನೂ ಕೇಳಲಿಲ್ಲ. ಅಂಗಡಿಗೆ ಹೋದಾಗ ಚಾಚಾ ಸಣ್ಣ ಬಾಟಲಿ ಕೊಟ್ಟು ಒಂದು ಮಾತು ಹೇಳಿ ಕಳಿಸಿದರು. ನಾಲ್ಕು ದಿನ ಹಚ್ಚಿದರೆ ಹಚ್ಚಿಕೊಂಡವರ ಮೂಗಿಗೆ ಇದು ಸಿಗುವುದಿಲ್ಲವಂತೆ. ಸಿಗಲಿಲ್ಲ ಅಂತ ಇಲ್ಲ ಅಂದುಕೊಳ್ಳಬೇಡ, ಬೇರೆಯವರಿಗೆ ಸಿಗುತ್ತಲೇ ಇರುತ್ತದೆ ಅಂದರು. ಮೂಸುವುದೇ ಕಸುಬಾದವಳಿಗೆ ಈ ಪಾಠವೇ ಅಂತ ಒಳಗೊಳಗೇ ನಕ್ಕಿದ್ದೆ. ನನ್ನ ಸೊಕ್ಕು.

ಅಮ್ಮನಿಗೆ ಮಾತ್ರ ಹಿಡಿಸಲಿಲ್ಲ. ದವನ ಅಂದರೆ ಹೂವಿನ ಜೊತೆಗೆ ಒಂದೆಳೆ ಇಡುವುದು, ಬರೀ ದವನವನ್ನೇ ಯಾರಾದರೂ ಮುಡಿಯುತ್ತಾರಾ ಅಂತ ಅವಳ ವಾದ. ಬೇರೆ ಸಮಯದಲ್ಲಾದರೆ ಬಾಟಲಿ ಮೂಲೆಗೆ ಸೇರುತ್ತಿತ್ತು. ಈ ಸಲ ನನಗೆ ಇದೇ ಇಷ್ಟ ಅಂದೆ. ಹಾಗಂದ ಮೇಲೆ ನನಗೇ ಆಶ್ಚರ್ಯವಾಯಿತು. ಆ ತಿಂಗಳಲ್ಲಿ ಉಳಿದ ದಿನಗಳೆಲ್ಲ ಹಚ್ಚಿಕೊಂಡೆ. ಹಣೆಗೆ ಚಿಕ್ಕ ಕಪ್ಪು ಬೊಟ್ಟು, ಕಣ್ಣಿಗೆ ತೆಳ್ಳಗೆ ಕಾಡಿಗೆ, ಬೇರೆ ಏನೂ ಇಲ್ಲ. ಅಮ್ಮ ಹೆಣೆಸಿಕೊಟ್ಟಿದ್ದ ಬೂದು ಸ್ವೆಟರ್ ಹಾಕಿಕೊಂಡು ಪೇಟೆಯಲ್ಲಿ ತಿರುಗಿದೆ. ಫೋನು ಬರದಿದ್ದರೂ ಪ್ರತಿ ಗಂಟೆಗೂ ನೋಡುವುದು ಕಡಿಮೆಯಾಯಿತು.

ಬ್ರೇಕು ಮುಗಿಯಲು ನಾಲ್ಕು ದಿನ ಇರುವಾಗಲೇ ಫೋನು ಬಂತು. ಸ್ಯಾಂಪಲ್ ರೂಮಿನಲ್ಲಿ ಒಂದು ಪರ್ಮನೆಂಟ್ ಜಾಗ ಖಾಲಿಯಾಗಿದೆ, ಮೂಗು ಚೆನ್ನಾಗಿರುವವರು ಬೇಕು, ಒಂದು ವಾರ ನೋಡಿ ಲೆಟರ್ ಕೊಡುತ್ತೇವೆ, ನಾಳೆಯೇ ಬಾ ಅಂದರು ಶಿಫ್ಟಿನ ಇನ್‌ಚಾರ್ಜ್. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಆರು ವರ್ಷದಿಂದ ಕಾದ ಮಾತು. ಇನ್ನು ಚಳಿಗಾಲ ಬಂದರೆ ಎದೆ ಹೊಡೆದುಕೊಳ್ಳುವುದಿಲ್ಲ ಅಂತ ನಾನು ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಕಡಲೆಹಿಟ್ಟು ಹಚ್ಚಿ ಉಜ್ಜಿ ಎರಡು ಸಲ ಸ್ನಾನ ಮಾಡಿದೆ. ಮಣಿಕಟ್ಟು ಮೂಸಿದೆ, ಕೂದಲು ಮೂಸಿದೆ, ಏನೂ ಇರಲಿಲ್ಲ. ಬೊಟ್ಟು ತೆಗೆದೆ. ಬೆಳಿಗ್ಗೆ ವಿಪರೀತ ಚಳಿ, ಸ್ವೆಟರ್ ಹಾಕಿಕೊಂಡೆ. ಅದನ್ನೂ ಮೂಸಿ ನೋಡಿದೆ. ಉಲ್ಲನ್ನಿನ ವಾಸನೆ ಬಿಟ್ಟು ಬೇರೆ ಏನೂ ನನಗೆ ಸಿಗಲಿಲ್ಲ.

ಆ ಒಂದು ವಾರ ಬೆಳಗಿನ ಗೇಟೂ ನನ್ನದೇ ಅಂದಿದ್ದರು, ಎಂದಿನಂತೆ ಎಲ್ಲರನ್ನೂ ಮೂಸಿ ಒಳಗೆ ಬಿಟ್ಟೆ. ನನ್ನನ್ನು ಮೂಸಲು ಅಲ್ಲಿ ಯಾರೂ ಇರಲಿಲ್ಲ, ಯಾವತ್ತೂ ಇರಲಿಲ್ಲ. ಆಮೇಲೆ ಸ್ಯಾಂಪಲ್ ರೂಮಿಗೆ ಹೋದೆ. ಒಟ್ಟಿಗೆ ಬಂದ ಚೀಲಗಳ ಒಂದೊಂದು ಲಾಟಿನಿಂದಲೂ ಸ್ವಲ್ಪ ಪುಡಿ ತೆಗೆದು ಸಣ್ಣ ಡಬ್ಬಿಗಳಲ್ಲಿ ಹಾಕಿ ಬೀರುವಿನಲ್ಲಿ ಜೋಡಿಸುವುದು ಕೆಲಸ. ಬಿಸಿಲೇರಿದ ಮೇಲೆ ಸೆಕೆಯಾಯಿತು. ಕೆಲಸದ ಗೌನಿನ ಒಳಗಿಂದ ಸ್ವೆಟರ್ ಬಿಚ್ಚಿ, ಮಡಿಸಿ, ಲಾಕರಿನವರೆಗೆ ಹೋಗುವ ಸೋಮಾರಿತನಕ್ಕೆ ಅದೇ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟೆ. ಮುಚ್ಚಳ ಹಾಕದ ಡಬ್ಬಿಗಳ ಪಕ್ಕ. ಬೇರೆ ಯಾರಾದರೂ ಇದನ್ನು ಮಾಡಿದ್ದರೆ ನಾನು ಅವರ ಚರ್ಮ ಸುಲಿಯುತ್ತಿದ್ದೆ. ಪಾಳಿ ಬಿಟ್ಟಾಗ ಸ್ವೆಟರ್ ತೆಗೆದುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಹತ್ತು ಗಂಟೆಗೆ ನನ್ನನ್ನು ಒಳಗೆ ಕರೆಸಿದರು. ಮೇಜಿನ ಮೇಲೆ ಆರು ಕಪ್ ಟೀ ಡಿಕಾಕ್ಷನ್, ಒಂದು ಕಡೆ ಟೀ ರುಚಿ ನೋಡುವ ಸಾಹೇಬರು, ಇನ್ನೊಂದು ಕಡೆ ಇನ್‌ಚಾರ್ಜ್. ಗೋಡೆಗೆ ಅಂಟಿಕೊಂಡು ಪ್ಯಾಕಿಂಗಿನ ಒಬ್ಬ ಹೆಂಗಸು ನಿಂತಿದ್ದಳು. ಮಾಕಳಿದುರ್ಗದ ಕಡೆಯವಳು, ಗಂಡ ಇಲ್ಲ, ಇಬ್ಬರು ಮಕ್ಕಳು. ಅವಳೂ ನನ್ನ ಹಾಗೆ ಹನ್ನೊಂದು ತಿಂಗಳಿನವಳೇ. ಮನೆಯ ಹಿತ್ತಲಿನ ಹೂವನ್ನು ದಿನಾ ಮುಡಿದು ಬರುತ್ತಿದ್ದಳು, ದಿನಾ ಮೊಳೆಗೆ ನೇತುಹಾಕುತ್ತಿದ್ದಳು. ಹಿಂದಿನ ದಿನ ಅವಳು ಮುಡಿದದ್ದು ಕನಕಾಂಬರ ಮತ್ತು ದವನ.

ಸ್ಯಾಂಪಲ್‌ನಲ್ಲಿ ದವನದ ವಾಸನೆ ಬಂದಿದೆ, ಇಡೀ ಲಾಟು ತಡೆಹಿಡಿದಿದ್ದೇವೆ ಅಂದರು ಸಾಹೇಬರು. ದವನ ಮುಡಿದಿದ್ದವಳು ಇವಳೊಬ್ಬಳೇ ಅಂತ ಎಲ್ಲರೂ ಹೇಳುತ್ತಿದ್ದಾರಂತೆ. ಒಂದು ಎಳೆ ಜಡೆಯಲ್ಲಿ ಉಳಿದು ಒಳಗೆ ಹೋಗಿರಬೇಕು ಅಂತ ಲೆಕ್ಕ. ಅವಳನ್ನು ತೆಗೆಯುವ ಮೊದಲು ನನ್ನದೊಂದು ಮಾತು ಬೇಕಿತ್ತು.

"ಗೇಟಲ್ಲಿದ್ದೋಳು ನೀನೇ. ನೀನೇ ಮೂಸಿ ಹೇಳಮ್ಮಾ," ಅಂದರು ಇನ್‌ಚಾರ್ಜ್.

"ಮೊಳೆಗೆ ನೇತಾಕೇ ಹೋಗಿದ್ದೆ ಕಣಕ್ಕಾ, ನೀವೇ ನೋಡಿದ್ರಲ್ಲಾ," ಅಂದಳು ಅವಳು.

ಕಪ್ಪನ್ನು ಮೂಗಿನ ಹತ್ತಿರ ತಂದೆ. ಒಣದ್ರಾಕ್ಷಿ, ಅದರ ಹಿಂದೆ ತೆಳ್ಳಗೆ ಹೊಗೆ. ಹತ್ತು ಹನ್ನೆರಡು ದಿನದಿಂದ ನನಗೇ ಸಿಗದಿದ್ದ ನನ್ನ ವಾಸನೆ ಆ ಬಿಸಿ ಟೀಯಲ್ಲಿ ಸಿಕ್ಕಿತು. ಚೆನ್ನಾಗಿತ್ತು. ಆ ಹೊತ್ತಿನಲ್ಲೂ ಚೆನ್ನಾಗಿದೆ ಅಂತಲೇ ಮೊದಲು ಅನ್ನಿಸಿದ್ದು, ಆಮೇಲೆ ಬೀರುವಿನಲ್ಲಿಟ್ಟ ಸ್ವೆಟರ್ ನೆನಪಾಯಿತು. ದಿನಾ ಮೂಸಿದ ಜಡೆ ಅವಳದು. ಅವಳ ಕೂದಲಲ್ಲಿ ದವನ ಹಸಿ ಸೊಪ್ಪಿನ ಹಾಗೆ, ಕೊಂಚ ಕಹಿಯಾಗಿ ಇರುತ್ತದೆ. ಅದು ನನಗಲ್ಲದೆ ಇನ್ನು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನಾನು ಹೂಂ ಅಂದರೆ ಸಾಕಿತ್ತು. ನನ್ನ ಲೆಟರಿನ ಫೈಲು ಅದೇ ಮೇಜಿನ ಮೇಲಿತ್ತು. ಸುಳ್ಳು ಹೇಳುವುದಿಲ್ಲ, ಹೂಂ ಅಂದುಬಿಡೋಣ ಅನ್ನಿಸಿತು. ಅಮ್ಮನ ದೀಪ ನೆನಪಾಯಿತು. ಇವಳಿಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತದೆ ಅಂತ ಸಮಾಧಾನವನ್ನೂ ಹುಡುಕಿಕೊಂಡೆ. ಇನ್ನೊಂದು ಸಲ ಮೂಸಿದೆ. ಇದೇ ನನಗೆ ಇಷ್ಟ ಅಂತ ಅಮ್ಮನ ಹತ್ತಿರ ವಾದ ಮಾಡಿ ಹಚ್ಚಿಕೊಂಡದ್ದನ್ನು ಬೇರೆಯವಳ ತಲೆಗೆ ಕಟ್ಟಲು ಬಾಯಿ ಏಳಲಿಲ್ಲ.

"ಇವಳದ್ದಲ್ಲ ಸಾರ್. ನಂದು," ಅಂದೆ.

ಸ್ವೆಟರಿನ ವಿಷಯ, ಬೀರುವಿನ ವಿಷಯ, ಎಲ್ಲ ಹೇಳಿದೆ. ಲಾಟಿನಿಂದ ಬೇರೆ ಸ್ಯಾಂಪಲ್ ತೆಗೆದು ನೋಡಿದರು, ಸರಿಯಾಗಿತ್ತು. ಅಷ್ಟೂ ಚೀಲ ಉಳಿಯಿತು. ಅದಕ್ಕೆ ಯಾರೂ ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇನ್‌ಚಾರ್ಜ್ ಕೆಟ್ಟವರಲ್ಲ. ಗೇಟಿನವಳೇ ಹೀಗೆ ಮಾಡಿದರೆ ನಾನು ಮೇಲಿನವರಿಗೆ ಏನು ಹೇಳಲಿ ಅಂತ ತಲೆ ತಗ್ಗಿಸಿ ಕೂತರು. ಲೆಟರ್ ಇರಲಿ, ಗೇಟಿನ ಕೆಲಸವೂ ಹೋಯಿತು ಅಂತ ಅವರು ತಲೆ ತಗ್ಗಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು.

ಮೂರನೆಯ ದಿನ ಅಮ್ಮ ಹೂ ಕಟ್ಟುತ್ತಾ, ತಲೆ ಎತ್ತದೆ, ಆ ಸ್ವೆಟರ್ ಒಂದು ಸಲ ಒಗೆದಿದ್ದರೆ ಆಗುತ್ತಿತ್ತು ಅಂದಳು. ಅದು ನಿಜ.

ಆಮೇಲೆ ಕೆಲಸ ಹುಡುಕಿಕೊಂಡು ಹೊಸಕೋಟೆವರೆಗೂ ಹೋಗಿ ಬಂದೆ. ಬಸ್ಸಿನಲ್ಲಿ ಹೋಗುವುದೇ ಒಂದು ದಿನ, ಬರುವುದೇ ಒಂದು ದಿನ ಅನ್ನಿಸುತ್ತಿತ್ತು. ಹಿಂದಿನ ಕಂಪನಿಯಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳುತ್ತಿದ್ದರು. ಮೂಸುತ್ತಿದ್ದೆ ಅಂತ ಬಯೋಡೇಟಾದಲ್ಲಿ ಹೇಗೆ ಬರೆಯುವುದು? ತಿಳಿಸುತ್ತೇವೆ ಅನ್ನುತ್ತಿದ್ದರು. ಎಲ್ಲ ಕಡೆಗೂ ದವನ ಹಚ್ಚಿಕೊಂಡೇ ಹೋದೆ. ಅದು ಧೈರ್ಯ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ, ಆ ವಿಡಿಯೋದವಳ ಮಾತು ನನಗೆ ಬೇಡ. ಬಸ್ಸಿನಲ್ಲಿ ನಿದ್ದೆ ತೂಗುವಾಗ, ಯಾರು ಬೇಡ ಅಂದರೂ ಇದು ನನಗೆ ಬೇಕು ಅನ್ನುವುದೊಂದು ಮೈಮೇಲಿತ್ತು, ಅಷ್ಟೆ.

ಹಳೇ ಕಾರ್ಖಾನೆಯಿಂದ ಬರಬೇಕಾದ ದುಡ್ಡಿನ ಕಾಗದಗಳಿಗೆ ಸಹಿ ಹಾಕಲು ಕರೆದರು. ಆ ದಿನ ಹಚ್ಚಿಕೊಳ್ಳದೆ ಹೋಗಬಹುದಿತ್ತು. ಬಾಟಲಿ ಕೈಯಲ್ಲಿ ಹಿಡಿದು ಯೋಚನೆ ಮಾಡಿದೆ, ಆಮೇಲೆ ಹಚ್ಚಿಕೊಂಡೆ. ಕಪ್ಪು ಬೊಟ್ಟೂ ಇಟ್ಟುಕೊಂಡೆ. ಮಧ್ಯಾಹ್ನದ ಪಾಳಿಯ ಹೊತ್ತು, ಗೇಟಿನಲ್ಲಿ ಸಾಲು ನಿಂತಿತ್ತು. ನಾನೂ ನಿಂತೆ. ನನ್ನ ಜಾಗದಲ್ಲಿ ಆ ಮಾಕಳಿದುರ್ಗದವಳು ನಿಂತಿದ್ದಳು. ಅವಳ ತಲೆಯಲ್ಲಿ ಹೂವಿರಲಿಲ್ಲ, ಹಣೆ ಬೋಳಾಗಿತ್ತು.

ನನ್ನನ್ನು ನೋಡಿ ಅವಳ ಮುಖ ಒಂಥರಾ ಆಯಿತು. ನಾನು ಕೈ ಚಾಚಿದೆ. ಅವಳು ಮಣಿಕಟ್ಟು ಹಿಡಿದು ಮೂಸಿದಳು.

"ಒಳಗೆ ಬಿಡಕ್ಕಾಗಲ್ಲ ಕಣಕ್ಕಾ," ಅಂದಳು, ಮೆಲ್ಲಗೆ.

ಗೊತ್ತು, ಕಾಗದ ಇಲ್ಲಿಗೇ ತರಿಸು ಅಂದೆ. ಒಳಗಿಂದ ಕಾಗದ ಬಂತು. ಅದನ್ನು ಕನ್ನಡಿಯ ಪಕ್ಕದ ಕಟ್ಟೆಯ ಮೇಲಿಟ್ಟು ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಪೆನ್ನು ವಾಪಸ್ಸು ಕೊಡುವಾಗ ಅವಳು ನನ್ನ ಕೈ ಬಿಡಲಿಲ್ಲ. ಕೆಲಸಕ್ಕೆ ಒಂದು ಸಲ ಮೂಸಿದರೆ ಸಾಕು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನೇ ಕೈ ಬಿಡಿಸಿಕೊಂಡು ಪಕ್ಕಕ್ಕೆ ಸರಿದೆ.